ಕಸ ನಿರ್ವಹಣೆಗೆ ಅಂಕ ಕೊಡುವುದಾದರೆ ಅಳೆಯಬೇಕಾದದ್ದು ಯಾವುದು?

ಲೆಕ್ಕದ ಪುಸ್ತಕ
ಎಲ್ಲರಿಗೂ ನಮಸ್ಕಾರ. ನಮ್ಮದು ನಾಗರಿಕರ ಸಣ್ಣ ಗುಂಪು. ನೀರು, ವಿದ್ಯುತ್, ರಸ್ತೆ, ಕಸ ಈ ನಾಲ್ಕು ಸೇವೆಗಳಿಗೆ ಪ್ರತಿವರ್ಷ ಅಂಕ ಕೊಟ್ಟು ಒಂದು ವರದಿ ಹೊರತರುತ್ತೇವೆ. ಈ ಬಾರಿ ಕಸದ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಕೈಗೆ ಸಿಕ್ಕಿರುವ ಅಧಿಕೃತ ಅಂಕಿಗಳು ಇವು: ದಿನಕ್ಕೆ ಸಂಗ್ರಹಿಸಿದ ಟನ್, ರಸ್ತೆಗಿಳಿದ ವಾಹನಗಳು, ವಾಹನ ತಲುಪಿದ ಮನೆಗಳ ಶೇಕಡಾವಾರು, ಸಂಸ್ಕರಣೆಯಾದ ಶೇಕಡಾವಾರು, ಬಂದ ದೂರು, ಬಗೆಹರಿದ ದೂರು.

ಶೇಕಡಾವಾರು ಎಂದು ಕೊಟ್ಟಿರುವುದೆಲ್ಲ ತೊಂಬತ್ತರ ಮೇಲಿದೆ. ಆದರೆ ಖಾಲಿ ಜಾಗಗಳಲ್ಲಿ ಕಸ ಬೀಳುವುದು ನಿಂತಿಲ್ಲ, ಸುಡುವ ಹೊಗೆ ನಿಂತಿಲ್ಲ, ಸುರಿಯುವ ತಾಣದ ರಾಶಿಯೂ ಏರುತ್ತಲೇ ಇದೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಐದಾರು ಅಳತೆಗಳನ್ನಷ್ಟೇ ಇಟ್ಟುಕೊಳ್ಳಬಹುದು ಎಂದರೆ ನೀವು ಯಾವುದನ್ನು ಆರಿಸುತ್ತೀರಿ? ನಮ್ಮಲ್ಲಿ ದೊಡ್ಡ ಸಮೀಕ್ಷೆಗೆ ಹಣವಿಲ್ಲ, ನಡೆದಾಡಲು ಸಿದ್ಧರಿರುವ ಕೆಲವು ಸ್ವಯಂಸೇವಕರು ಮಾತ್ರ ಇದ್ದಾರೆ.

ನೇರ ಮಾತು
ಒಂದೇ ಅಳತೆ ಸಾಕು. ಸುರಿಯುವ ತಾಣಕ್ಕೆ ತಿಂಗಳಿಗೆ ಎಷ್ಟು ಹೋಯಿತು ಎಂದು ಕೇಳಿ. ಉಳಿದದ್ದೆಲ್ಲ ಅಲಂಕಾರ.

ವೇಬ್ರಿಡ್ಜ್ ಗುಮಾಸ್ತ
ನೇರ ಮಾತು ಅವರೇ, ಆ ಒಂದು ಅಳತೆಯೂ ನನ್ನಂಥವರ ಮೇಜಿನಿಂದಲೇ ಬರಬೇಕು. ಅದು ಹೇಗೆ ಹುಟ್ಟುತ್ತದೆ ಎಂದು ಕೇಳಿ. ತುಂಬಿದ ವಾಹನ ವೇಬ್ರಿಡ್ಜ್ ಎಂಬ ತೂಕದ ಸೇತುವೆಯ ಮೇಲೆ ಬಂದು ನಿಲ್ಲುತ್ತದೆ, ತೂಕ ದಾಖಲಾಗುತ್ತದೆ. ಖಾಲಿಯಾಗಿ ಹಿಂದಿರುಗುವಾಗ ಮತ್ತೆ ತೂಗಬೇಕು, ಎರಡರ ವ್ಯತ್ಯಾಸವೇ ಕಸದ ತೂಕ. ಆದರೆ ಸಾಲು ಉದ್ದವಿದ್ದಾಗ ಖಾಲಿ ವಾಹನವನ್ನು ಯಾರೂ ತೂಗುವುದಿಲ್ಲ. ಹಿಂದೆಂದೋ ಬರೆದಿಟ್ಟ ಖಾಲಿ ತೂಕವನ್ನೇ ಕಳೆಯುತ್ತಾರೆ. ತಳದಲ್ಲಿ ಅಂಟಿಕೊಂಡ ಕೆಸರು ಪ್ರತಿ ಸುತ್ತಿನಲ್ಲೂ ಹೊಸ ಕಸವಾಗಿ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಮಳೆಗಾಲ. ಹಸಿ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೊದಲೇ ನೀರು. ಮುಚ್ಚದ ವಾಹನ ನೆನೆದರೆ ತೂಕ ಇನ್ನೂ ಏರುತ್ತದೆ. ಗುತ್ತಿಗೆದಾರರಿಗೆ ಟನ್ ಲೆಕ್ಕದಲ್ಲಿ ಹಣ ಕೊಡುವ ಕಡೆ ಮಣ್ಣು, ಕಲ್ಲು, ಕಟ್ಟಡದ ಅವಶೇಷ ಎಲ್ಲವೂ ಅದೇ ವಾಹನದಲ್ಲಿ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಟನ್ ಹೆಚ್ಚಾಯಿತು ಎಂದರೆ ಸೇವೆ ಹೆಚ್ಚಾಯಿತು ಎಂದಲ್ಲ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ
ಅಂಶದ ಕಥೆ ಗುಮಾಸ್ತರು ಹೇಳಿದರು, ಛೇದದ ಕಥೆ ನಾನು ಹೇಳುತ್ತೇನೆ. ಶೇಕಡಾ ಇಷ್ಟು ಕಸ ಸಂಗ್ರಹವಾಯಿತು ಎನ್ನಲು ಒಟ್ಟು ಉತ್ಪತ್ತಿ ಎಷ್ಟು ಎಂದು ಗೊತ್ತಿರಬೇಕು. ಅದನ್ನು ಹೆಚ್ಚಿನ ಕಡೆ ಯಾರೂ ತೂಗುವುದಿಲ್ಲ. ಜನಸಂಖ್ಯೆಯನ್ನು ತಲಾ ಇಷ್ಟು ಗ್ರಾಂ ಎಂಬ ಊಹೆಯಿಂದ ಗುಣಿಸುತ್ತಾರೆ, ಅಷ್ಟೇ. ವಿಶ್ವಬ್ಯಾಂಕಿನ 2018ರ ವರದಿಯ ಪ್ರಕಾರ ಜಾಗತಿಕ ಸರಾಸರಿ ದಿನಕ್ಕೆ ತಲಾ 0.74 ಕಿಲೋ. ಆದರೆ ದೇಶದಿಂದ ದೇಶಕ್ಕೆ ಅದು 0.11 ಕಿಲೋದಿಂದ 4.54 ಕಿಲೋವರೆಗೆ ಹರಡಿಕೊಂಡಿದೆ. ಒಂದೇ ನಗರದೊಳಗೂ ಬಡಾವಣೆಯಿಂದ ಬಡಾವಣೆಗೆ ಬಹಳ ಬದಲಾಗುತ್ತದೆ. ಜನಗಣತಿ ಹಳೆಯದಾದರೆ ಜನಸಂಖ್ಯೆಯೂ ಊಹೆ. ಎರಡು ಊಹೆಗಳ ಗುಣಲಬ್ಧದಿಂದ ಭಾಗಿಸಿ, ದಶಮಾಂಶ ಬಿಂದುವಿನ ಬಲಕ್ಕೆ ಎರಡು ಸ್ಥಾನ ಬರೆದರೆ ಅದು ನಿಖರತೆಯಾಗುವುದಿಲ್ಲ.

ಮೂರನೇ ಮಹಡಿ
ಮೇಡಂ, ಸಂಗ್ರಹ ನೂರಕ್ಕಿಂತ ಹೆಚ್ಚು ಶೇಕಡಾ ಎಂದು ಬರೆದಿದ್ದ ಒಂದು ಕೋಷ್ಟಕವನ್ನು ನಾನು ನೋಡಿದ್ದೇನೆ. ಹೀಗೂ ಆಗುತ್ತದೆಯೇ ಎಂದುಕೊಂಡಿದ್ದೆ. ಈಗ ಅರ್ಥವಾಯಿತು.

ಹಸಿ ಗೊಬ್ಬರ
ನಾನು ಕಾಂಪೋಸ್ಟ್ ಘಟಕದಲ್ಲಿ ಕೆಲಸ ಮಾಡುವವನು. ಸಂಸ್ಕರಣೆಯಾದ ಶೇಕಡಾವಾರು ಎಂಬ ಸಾಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಬಹಳಷ್ಟು ವರದಿಗಳಲ್ಲಿ ಘಟಕದ ಗೇಟು ದಾಟಿ ಒಳಗೆ ಬಂದ ಕಸವನ್ನೆಲ್ಲ ಸಂಸ್ಕರಣೆಯಾಯಿತು ಎಂದೇ ಬರೆಯುತ್ತಾರೆ. ಆಸ್ಪತ್ರೆಯ ಬಾಗಿಲು ದಾಟಿದವರನ್ನೆಲ್ಲ ಗುಣಮುಖರು ಎಂದು ಬರೆದಂತಾಯಿತು. ಒಳಗೆ ಬಂದದ್ದರಲ್ಲಿ ಎಷ್ಟು ಗೊಬ್ಬರವಾಗಿ ಹೊರಗೆ ಹೋಯಿತು, ಎಷ್ಟು ತಿರಸ್ಕೃತವಾಗಿ ಮತ್ತೆ ಸುರಿಯುವ ತಾಣಕ್ಕೆ ಹೋಯಿತು, ಎಷ್ಟು ಅಂಗಳದಲ್ಲೇ ಕೊಳೆಯುತ್ತಿದೆ ಎಂಬ ಮೂರು ಅಂಕಿಗಳಿಲ್ಲದೆ ಆ ಶೇಕಡಾವಾರಿಗೆ ಅರ್ಥವಿಲ್ಲ.

ನೇರ ಮಾತು
ಹಸಿ ಗೊಬ್ಬರ ಅವರೇ, ನೀವು ಒಳಗಿನವರು, ಆದ್ದರಿಂದ ನೇರವಾಗಿ ಕೇಳುತ್ತೇನೆ. ನೂರು ಟನ್ ಒಳಗೆ ಹೋಗಿ ಇಪ್ಪತ್ತೈದು ಟನ್ ಗೊಬ್ಬರ ಹೊರಬರುತ್ತದೆ ಎನ್ನುತ್ತಾರೆ. ಉಳಿದ ಎಪ್ಪತ್ತೈದು ಟನ್ ಎಲ್ಲಿ ಹೋಯಿತು? ಯಾರೋ ಹಿಂಬಾಗಿಲಿನಿಂದ ಸಾಗಿಸಿದ್ದಾರೆ ಎಂದೇ ಜನ ತಿಳಿಯುತ್ತಾರೆ.

ಹಸಿ ಗೊಬ್ಬರ
ಗಾಳಿಗೆ ಹೋಯಿತು, ನಿಜವಾಗಿಯೂ. ಲೆಕ್ಕ ಮಾಡಿ ನೋಡಿ. ಒಂದು ಟನ್ ಚೆನ್ನಾಗಿ ವಿಂಗಡಿಸಿದ ಹಸಿ ಕಸದಲ್ಲಿ ಶೇಕಡಾ 65 ನೀರು ಇದೆ ಎಂದುಕೊಳ್ಳಿ. ಒಣ ಭಾಗ 350 ಕಿಲೋ. ಸೂಕ್ಷ್ಮಜೀವಿಗಳು ಅದರಲ್ಲಿ ಸುಮಾರು ಅರ್ಧವನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾಡುತ್ತವೆ. ಉಳಿದದ್ದು 175 ಕಿಲೋ. ಸಿದ್ಧ ಗೊಬ್ಬರದಲ್ಲಿ ಶೇಕಡಾ 30 ತೇವ ಇದ್ದರೆ ಒಟ್ಟು ತೂಕ 250 ಕಿಲೋ. ಅಂದರೆ ಕಾಲು ಟನ್. ಇದು ಕಳ್ಳತನವಲ್ಲ, ರಸಾಯನಶಾಸ್ತ್ರ.

ಇದರ ತಿರುಗುಮುರುಗು ಉಪಯೋಗವೂ ಇದೆ. ನೂರು ಟನ್ ಹಸಿ ಕಸಕ್ಕೆ ಅರವತ್ತು ಟನ್ ಗೊಬ್ಬರ ಬಂತು ಎಂದು ಯಾರಾದರೂ ಬರೆದರೆ ಅನುಮಾನಿಸಿ. ಒಂದೋ ಅದು ಇನ್ನೂ ಮಾಗದ ಒದ್ದೆ ರಾಶಿ, ಇಲ್ಲವೇ ಮಣ್ಣು ಬೆರೆತಿದೆ. ಐದೇ ಟನ್ ಬಂತು ಎಂದರೆ ಕಸ ಮಿಶ್ರವಾಗಿ ಬಂದು ಹೆಚ್ಚಿನ ಭಾಗ ತಿರಸ್ಕೃತವಾಗಿದೆ ಎಂದರ್ಥ. ಒಳಹರಿವು, ಹೊರಹರಿವು, ನಷ್ಟ ಮೂರನ್ನೂ ಅಕ್ಕಪಕ್ಕ ಇಟ್ಟರೆ ಸುಳ್ಳು ತಾನಾಗಿಯೇ ಹೊರಬೀಳುತ್ತದೆ.

ಇನ್ನೊಂದು ದಾಖಲೆ ಕೇಳಿ: ರಾಶಿಯ ಉಷ್ಣಾಂಶದ ಪುಸ್ತಕ. ರೋಗಾಣು ಸಾಯಲು ತೆರೆದ ಸಾಲು ರಾಶಿಯಲ್ಲಿ 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿ 15 ದಿನ ಇರಬೇಕು, ಆ ಅವಧಿಯಲ್ಲಿ ಐದು ಬಾರಿಯಾದರೂ ಮಗುಚಬೇಕು ಎಂಬುದು ಅಮೆರಿಕದ ಪರಿಸರ ಸಂಸ್ಥೆಯ ನಿಯಮ. ಬೇರೆ ಕಡೆಯವರೂ ಅದನ್ನು ಮಾದರಿಯಾಗಿ ಬಳಸುತ್ತಾರೆ. ಪುಸ್ತಕವೇ ಇಲ್ಲದ ಘಟಕದಲ್ಲಿ ಗೊಬ್ಬರವಾಗುತ್ತಿದೆಯೋ ಬರೀ ಕೊಳೆಯುತ್ತಿದೆಯೋ ಹೇಳಲಾಗದು.

ನೇರ ಮಾತು
ಉತ್ತರ ಒಪ್ಪಿದೆ. ಆದರೂ ನನ್ನ ಮೊದಲ ಮಾತು ಬಿಡುವುದಿಲ್ಲ. ತಾಣಕ್ಕೆ ಹೋದ ಪ್ರಮಾಣ ಒಂದೇ ಕೊನೆಯ ಸತ್ಯ.

ಹಳೇ ಚಾಲಕ
ತಾಣಕ್ಕೆ ಹೋಗದೆ ದಾರಿಯಲ್ಲಿ ಹಳ್ಳಕ್ಕೆ ಸುರಿದರೆ? ಆಗಲೂ ನಿಮ್ಮ ಅಂಕಿ ಇಳಿಯುತ್ತದೆ. ಬೆಂಕಿ ಹಚ್ಚಿದರೂ ಇಳಿಯುತ್ತದೆ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ
ಚಾಲಕರ ಈ ಎರಡು ಸಾಲನ್ನು ವರದಿಯ ಮುನ್ನುಡಿಯಲ್ಲಿ ಹಾಕಬಹುದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11.6.1 ಎಂಬ ಸೂಚಕ ಇರುವುದು ಇದೇ ಕಾರಣಕ್ಕೆ. ಒಟ್ಟು ಉತ್ಪತ್ತಿಯಾದ ಕಸದಲ್ಲಿ ಎಷ್ಟು ಪಾಲು ಸಂಗ್ರಹವಾಯಿತು ಎಂಬಲ್ಲಿಗೆ ಅದು ನಿಲ್ಲುವುದಿಲ್ಲ. ಅದರಲ್ಲಿ ಎಷ್ಟು ನಿಯಂತ್ರಣವಿರುವ ಘಟಕಗಳಲ್ಲಿ ನಿರ್ವಹಣೆಯಾಯಿತು ಎಂದೂ ಕೇಳುತ್ತದೆ. ಘಟಕಗಳಿಗೆ ನಿಯಂತ್ರಣದ ಮೆಟ್ಟಿಲುಗಳಿವೆ: ನಿಯಂತ್ರಣವೇ ಇಲ್ಲದ್ದು, ಸೀಮಿತ, ಮೂಲಭೂತ, ಸುಧಾರಿತ, ಪೂರ್ಣ. ಬೇಲಿ ಇದೆಯೇ, ತೂಕ ಇದೆಯೇ, ಮೇಲೆ ಮಣ್ಣು ಹೊದಿಸುತ್ತಾರೆಯೇ, ಬೆಂಕಿ ಬೀಳುತ್ತದೆಯೇ, ಕಸದಿಂದ ಇಳಿಯುವ ಕಪ್ಪು ನೀರನ್ನು ಹಿಡಿದು ಶುದ್ಧೀಕರಿಸುತ್ತಾರೆಯೇ ಎಂದು ನೋಡಿ ಮೆಟ್ಟಿಲು ನಿರ್ಧರಿಸುತ್ತಾರೆ. ಸ್ವಯಂಸೇವಕರೂ ಒಂದು ದಿನ ಹೋಗಿ ನೋಡಿ ತುಂಬಬಹುದಾದ ಪಟ್ಟಿ ಇದು.

ಲೆಕ್ಕದ ಪುಸ್ತಕ
ಇದು ತುಂಬಾ ಉಪಯುಕ್ತ ಮೇಡಂ. ಹಾಗಾದರೆ ಮರುಬಳಕೆಯ ಪ್ರಮಾಣ? ಅದನ್ನೂ ಒಂದು ಸಾಲಾಗಿ ಇಡಬೇಕೆಂದಿದ್ದೇನೆ.

ಗುಜರಿ ವ್ಯಾಪಾರಿ
ಇಡುವ ಮೊದಲು ಯಾವ ಜಾಗದಲ್ಲಿ ನಿಂತು ತೂಗುತ್ತೀರಿ ಎಂದು ತೀರ್ಮಾನಿಸಿ. ಮನೆಯಿಂದ ಒಣ ಕಸ ಎತ್ತಿದಾಗಲೇ? ವಿಂಗಡಿಸಿ, ಒತ್ತಿ ಬೇಲ್ ಅಂದರೆ ಹೊರೆ ಕಟ್ಟಿದಾಗಲೇ? ಪ್ಲಾಸ್ಟಿಕ್ ತೊಳೆದು ಚೂರು ಮಾಡಿ ಕಾರ್ಖಾನೆಯ ಯಂತ್ರಕ್ಕೆ ಹಾಕಿದಾಗಲೇ? ಪ್ರತಿ ಹಂತದಲ್ಲೂ ತೂಕ ಇಳಿಯುತ್ತದೆ. ಒದ್ದೆ ರಟ್ಟು, ಎಣ್ಣೆ ಹತ್ತಿದ ಡಬ್ಬಿ, ಮುಚ್ಚಳ, ಲೇಬಲ್, ಅಂಟು ಎಲ್ಲ ಉದುರಿಹೋಗುತ್ತವೆ. ಮೊದಲ ಹಂತದಲ್ಲಿ ತೂಗಿದವನಿಗೆ ದೊಡ್ಡ ಅಂಕಿ, ಕೊನೆಯ ಹಂತದಲ್ಲಿ ತೂಗಿದವನಿಗೆ ನಿಜವಾದ ಅಂಕಿ.

ಯುರೋಪಿನಲ್ಲೂ ಇದೇ ಗೊಂದಲವಿತ್ತು. 2011ರ ನಿರ್ಧಾರದ ಪ್ರಕಾರ ಸದಸ್ಯ ದೇಶಗಳು ನಾಲ್ಕು ಲೆಕ್ಕದ ವಿಧಾನಗಳಲ್ಲಿ ತಮಗೆ ಬೇಕಾದದ್ದನ್ನು ಆರಿಸಬಹುದಿತ್ತು. ಅಂಥ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು ಹೇಗೆ? 2019ರಲ್ಲಿ ತೂಗುವ ಜಾಗವನ್ನು ವಸ್ತುವಾರು ನಿಗದಿ ಮಾಡಿದರು. ಗಾಜು ಕುಲುಮೆಗೆ ಹೋಗುವಾಗ, ಲೋಹ ಕರಗಿಸುವಲ್ಲಿಗೆ ಹೋಗುವಾಗ, ಪ್ಲಾಸ್ಟಿಕ್ ಬಗೆವಾರು ಬೇರ್ಪಟ್ಟು ಗುಳಿಗೆಯಾಗುವ ಯಂತ್ರಕ್ಕೆ ಹೋಗುವಾಗ. 2025ಕ್ಕೆ ಶೇಕಡಾ 55, 2030ಕ್ಕೆ 60, 2035ಕ್ಕೆ 65 ಎಂಬ ಅವರ ಗುರಿಗಳನ್ನು ಈಗ ಅಳೆಯುವುದು ಈ ಜಾಗದಲ್ಲಿ ನಿಂತು.

ಮೂರನೇ ಮಹಡಿ
ಡಬ್ಬಿಯ ಅಡಿಯಲ್ಲಿ ತ್ರಿಕೋನದ ಬಾಣ ಇದ್ದರೆ ಮರುಬಳಕೆಯಾಗುತ್ತದೆ ಎಂದು ಅಲ್ಲವೇ? ನಾನು ಅದನ್ನು ನೋಡಿಯೇ ಬೇರೆ ಇಡುತ್ತೇನೆ.

ಗುಜರಿ ವ್ಯಾಪಾರಿ
ಅಲ್ಲ. ಒಳಗಿನ ಅಂಕೆ ಪ್ಲಾಸ್ಟಿಕ್‌ನ ಜಾತಿ ಹೇಳುತ್ತದೆ, ಅಷ್ಟೇ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರ ಸಂಘ ತಂದ ಗುರುತು ಅದು. ಜನ ತಪ್ಪಾಗಿ ತಿಳಿಯುತ್ತಾರೆಂದು 2013ರಲ್ಲಿ ಬಾಣಗಳ ಬದಲು ಸಾದಾ ತ್ರಿಕೋನ ಮಾಡಿದರು, ಆದರೆ ಹಳೆಯ ಅಚ್ಚುಗಳು ಇನ್ನೂ ಓಡುತ್ತಿವೆ. 1 ಮತ್ತು 2ಕ್ಕೆ ಸಾಮಾನ್ಯವಾಗಿ ಒಳ್ಳೆಯ ಬೇಡಿಕೆ ಇದೆ. 7 ಎಂದರೆ ಇತರೆ ಎಲ್ಲ ಸೇರಿದ್ದು, ಅದನ್ನು ಕೊಳ್ಳುವವರು ಸಿಗುವುದು ಕಷ್ಟ.

ವಿಂಗಡಣೆ ಮೇಜು
ನಾನು ಒಣ ಕಸ ವಿಂಗಡಿಸುವ ಕಡೆ ಮೇಲ್ವಿಚಾರಕಿ. ನೀವೆಲ್ಲ ತೂಕದ ಬಗ್ಗೆ ಮಾತನಾಡುತ್ತಿದ್ದೀರಿ, ನಮ್ಮ ಕೈಗಳ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲ. ಮೇಜಿನ ಮೇಲೆ ಚೀಲ ಬಿಚ್ಚಿದಾಗ ಏನೇನು ಬರುತ್ತದೆ ಗೊತ್ತೇ? ಬಳಸಿದ ಪ್ಯಾಡು, ಡೈಪರು, ಸಿರಿಂಜು, ಒಡೆದ ಗಾಜು, ಅವಧಿ ಮುಗಿದ ಔಷಧಿ. ಒಣ ಕಸದ ಚೀಲದೊಳಗೆ ಸೇರಬಾರದ್ದು ಎಷ್ಟಿದೆ ಎಂಬುದನ್ನು ತೂಗಿ ಬರೆಯುವಂತಾದರೆ ಮನೆಗಳ ವಿಂಗಡಣೆ ನಿಜವಾಗಿ ಸುಧಾರಿಸಿದೆಯೇ ಎಂದು ತಿಂಗಳು ತಿಂಗಳು ತಿಳಿಯುತ್ತದೆ. ಎಷ್ಟು ಮನೆಗಳಿಗೆ ಎರಡು ಬಣ್ಣದ ಬುಟ್ಟಿ ಹಂಚಿದೆವು ಎಂಬ ಅಂಕಿಯಿಂದ ಅದು ತಿಳಿಯುವುದಿಲ್ಲ.

ಇನ್ನೊಂದು. ಕೆಲಸದಲ್ಲಿ ಸೂಜಿ ಚುಚ್ಚಿದ, ಗಾಜು ಕುಯ್ದ ಪ್ರಸಂಗಗಳನ್ನು ದಾಖಲಿಸುವ ಪುಸ್ತಕ ಎಷ್ಟು ಕಡೆ ಇದೆ? ನಿಮ್ಮ ಐದಾರು ಅಳತೆಗಳಲ್ಲಿ ಒಂದು ಜಾಗ ಇದಕ್ಕೆ ಕೊಡಿ. ಕೊಡದಿದ್ದರೆ ಆ ವರದಿ ನಮ್ಮ ಬಗ್ಗೆ ಅಲ್ಲವೆಂದೇ ನಾನು ಹೇಳುವುದು.

ಲೆಕ್ಕದ ಪುಸ್ತಕ
ಖಂಡಿತ ಕೊಡುತ್ತೇನೆ ಮೇಡಂ. ಗಾಯಗಳ ದಾಖಲೆ ಇದೆಯೇ, ಕೈಗವಸು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಕೇಳಿದರೆ ಸರಿಯೇ?

ವಿಂಗಡಣೆ ಮೇಜು
ಸರಿ. ಕೂಲಿ ತಿಂಗಳ ಯಾವ ತಾರೀಕಿಗೆ ಬರುತ್ತದೆ ಎಂದೂ ಸೇರಿಸಿ. ಕೂಲಿ ತಡವಾದ ತಿಂಗಳಲ್ಲಿ ಕೆಲಸಕ್ಕೆ ಬರುವವರು ಕಡಿಮೆಯಾಗುತ್ತಾರೆ, ವಿಂಗಡಣೆಯಾಗದ ಕಸ ಹಾಗೆಯೇ ಹೊರಗೆ ಹೋಗುತ್ತದೆ. ನಿಮ್ಮ ಮರುಬಳಕೆಯ ಅಂಕಿ ಅಲ್ಲಿಂದಲೇ ಕುಸಿಯಲು ಶುರುವಾಗುತ್ತದೆ.

ರಸ್ತೆ ಇಂಜಿನಿಯರ್
ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಇತರ ಸೇವೆಗಳವರು ಈ ಅಳತೆಯ ಜಗಳವನ್ನು ಮೊದಲೇ ಜಗಳವಾಡಿ ಮುಗಿಸಿದ್ದಾರೆ. ರಸ್ತೆಯಲ್ಲಿ ಹಿಂದೆ ಎಷ್ಟು ಕಿಲೋಮೀಟರ್ ಡಾಂಬರು ಹಾಕಿದೆವು ಎಂದು ಬರೆಯುತ್ತಿದ್ದರು. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಯೋಗದಿಂದ ಒರಟುತನದ ಸೂಚ್ಯಂಕ ಬಂತು. ಒಂದು ಕಿಲೋಮೀಟರ್ ಸಾಗುವಾಗ ಚಕ್ರದ ಮೇಲಿನ ಸ್ಪ್ರಿಂಗ್ ಒಟ್ಟು ಎಷ್ಟು ಮೀಟರ್ ಕುಣಿಯಬೇಕಾಗುತ್ತದೆ ಎಂಬ ಲೆಕ್ಕ ಅದು. ಪ್ರಯಾಣಿಕನ ಬೆನ್ನಿಗೆ ತಿಳಿಯುವುದನ್ನೇ ಅದು ಅಂಕಿಯಾಗಿ ಹೇಳುತ್ತದೆ.

ವಿದ್ಯುತ್ತಿನಲ್ಲೂ ಹಾಗೆಯೇ. ಎಷ್ಟು ಕಂಬ, ಎಷ್ಟು ಪರಿವರ್ತಕ ಎಂಬುದರ ಜೊತೆಗೆ ಸೈಡಿ, ಸೈಫಿ ಎಂಬ ಎರಡು ಅಳತೆ ಇವೆ. ಒಬ್ಬ ಗ್ರಾಹಕನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ, ಎಷ್ಟು ಬಾರಿ ಹೋಯಿತು ಎಂದು.

ಮೂರನೇ ಮಹಡಿ
ಕರೆಂಟ್ ವಿಷಯ ಎತ್ತಿದಿರಲ್ಲ ಸರ್, ನಿಮಿಷಕ್ಕಿಂತ ಕಡಿಮೆ ಹೊತ್ತು ಹೋಗಿ ಬಂದರೆ ಅದು ಲೆಕ್ಕಕ್ಕೆ ಬರುತ್ತದೆಯೇ? ಫ್ರಿಜ್ ಕೆಡುವುದು ಅದರಿಂದಲೇ.

ರಸ್ತೆ ಇಂಜಿನಿಯರ್
ಈ ಎರಡು ಅಳತೆಗಳಲ್ಲಿ ಬರುವುದಿಲ್ಲ. ಕ್ಷಣಿಕ ಕಡಿತಕ್ಕೆ ಬೇರೆ ಸೂಚಕವಿದೆ, ಕ್ಷಣಿಕ ಎಂದರೆ ಎಷ್ಟು ನಿಮಿಷ ಎಂಬುದೂ ಒಂದೊಂದು ಕಡೆ ಒಂದೊಂದು. ಗಡಿ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಅಂಕಿ ನಿಂತಿರುತ್ತದೆ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ
ಇಂಜಿನಿಯರ್ ಸರ್ ಆಚೆ ಹೋಗಿಲ್ಲ, ಸರಿಯಾದ ಜಾಗಕ್ಕೇ ಬಂದಿದ್ದಾರೆ. ಕಸಕ್ಕೂ ಸೈಡಿಯಂಥದ್ದು ಬೇಕು. ಒಂದು ಮನೆಗೆ ತಿಂಗಳಲ್ಲಿ ಬರಬೇಕಿದ್ದ ಬಾರಿಗಳಲ್ಲಿ ಎಷ್ಟು ತಪ್ಪಿತು, ತಪ್ಪಿದ ಮೇಲೆ ಎಷ್ಟು ದಿನಕ್ಕೆ ಬಂತು. ಸರಾಸರಿ ಮಾತ್ರ ಸಾಲದು, ಅತಿ ಕೆಟ್ಟ ಸೇವೆ ಸಿಗುವ ಹತ್ತನೇ ಒಂದು ಭಾಗದ ಮನೆಗಳಿಗೆ ಎಷ್ಟು ತಪ್ಪಿತು ಎಂದು ಬೇರೆಯಾಗಿ ಬರೆಯಿರಿ. ಕಿರಿದಾದ ಗಲ್ಲಿಗಳ ಮನೆಗಳು ಸರಾಸರಿಯೊಳಗೆ ಕಾಣೆಯಾಗುತ್ತವೆ.

ನೇರ ಮಾತು
ಅದಕ್ಕೆ ಜಿಪಿಎಸ್ ಇದೆಯಲ್ಲ. ಪ್ರತಿ ವಾಹನದ ದಾರಿ ಪರದೆಯ ಮೇಲೆ ಕಾಣುತ್ತದೆ.

ಹಳೇ ಚಾಲಕ
ವಾಹನ ಗಲ್ಲಿಯ ಬಾಯಿ ದಾಟಿದ್ದು ಕಾಣುತ್ತದೆ. ನಿಂತಿತೇ, ಗಂಟೆ ಹೊಡೆಯಿತೇ, ಒಳಗಿನ ಅಜ್ಜಿ ಬುಟ್ಟಿ ತರುವವರೆಗೆ ಕಾಯಿತೇ ಎಂಬುದು ಕಾಣುವುದಿಲ್ಲ. ನಮಗೆ ಇಷ್ಟು ಹೊತ್ತಿನೊಳಗೆ ಇಷ್ಟು ಬಿಂದುಗಳನ್ನು ಮುಟ್ಟಬೇಕು ಎಂದು ಕಟ್ಟುಪಾಡು ಇತ್ತು. ಎಲ್ಲ ಬಿಂದು ಮುಟ್ಟಿದರೆ ಹಸಿರು ಗುರುತು. ಕಾದು ನಿಂತು ಕಸ ತೆಗೆದುಕೊಂಡ ಚಾಲಕನಿಗೆ ಕೆಂಪು ಗುರುತು, ನಿಲ್ಲದೆ ಓಡಿಸಿದವನಿಗೆ ಹಸಿರು. ವಾಹನ ಬಂದದ್ದಕ್ಕೆ ಗುರುತಾಗಿ ಸ್ಕ್ಯಾನ್ ಮಾಡಲೆಂದು ಮನೆ ಗೋಡೆಗೆ ಅಂಟಿಸಿದ ಸಂಕೇತಗಳ ಫೋಟೋ ತೆಗೆದಿಟ್ಟುಕೊಂಡು ಒಂದೇ ಕಡೆ ಕುಳಿತು ಸ್ಕ್ಯಾನ್ ಮಾಡಿದ್ದನ್ನೂ ನೋಡಿದ್ದೇನೆ. ಆ ಹುಡುಗರನ್ನು ನಾನು ಬೈಯುವುದಿಲ್ಲ. ಆಗದ ಕೆಲಸವನ್ನು ಆಗುವಂತೆ ತೋರಿಸು ಎಂದು ಕೇಳಿದವರು ಬೇರೆ.

ನೇರ ಮಾತು
ಸರಿ, ಜಿಪಿಎಸ್ ಒಂದನ್ನೇ ನಂಬಬೇಡಿ. ಆದರೆ ಬಂದ ದೂರುಗಳ ಸಂಖ್ಯೆ? ಅದನ್ನು ನಾಗರಿಕರೇ ಕೊಡುವುದು.

ಮೂರನೇ ಮಹಡಿ
ನಾನು ದೂರು ಕೊಡುವುದನ್ನೇ ನಿಲ್ಲಿಸಿದ್ದೇನೆ. ಪರಿಹರಿಸಲಾಗಿದೆ ಎಂಬ ಸಂದೇಶ ಬಂದಾಗ ಕಸ ಇನ್ನೂ ಅಲ್ಲೇ ಇತ್ತು. ನನ್ನಂಥವರು ಸುಮ್ಮನಾದಷ್ಟೂ ಅವರ ದೂರಿನ ಸಂಖ್ಯೆ ಇಳಿಯುತ್ತದೆ.

ರಸ್ತೆ ಇಂಜಿನಿಯರ್
ದೂರು ಮುಗಿಸುವ ಅಧಿಕಾರ ದೂರು ಕೊಟ್ಟವರ ಕೈಯಲ್ಲಿ ಇರಬೇಕು. ಮತ್ತೆ ತೆರೆದ ದೂರುಗಳ ಪಾಲು ಎಷ್ಟು ಎಂದು ಕೇಳಿ, ಒಟ್ಟು ಸಂಖ್ಯೆಗಿಂತ ಅದು ಹೆಚ್ಚು ಹೇಳುತ್ತದೆ.

ಗುಜರಿ ವ್ಯಾಪಾರಿ
ಇಲ್ಲಿ ಯಾರೂ ಎತ್ತದ ಒಂದು ದೊಡ್ಡ ಪಾಲು ಇದೆ. ಜಗತ್ತಿನಲ್ಲಿ ಸುಮಾರು ಒಂದೂವರೆ ಕೋಟಿ ಜನ ಕಸ ಆಯ್ದು ಬದುಕುತ್ತಾರೆ ಎಂಬ ಅಂದಾಜಿದೆ. ಅವರು ಬೀದಿಯಿಂದ, ತೊಟ್ಟಿಯಿಂದ, ಮನೆ ಬಾಗಿಲಿನಿಂದ ಎತ್ತಿಕೊಂಡು ಬಂದು ನನ್ನಂಥವರಿಗೆ ಮಾರುವ ಬಾಟಲಿ, ರಟ್ಟು, ತಗಡು ಯಾವ ವೇಬ್ರಿಡ್ಜ್ ಮೇಲೂ ಏರುವುದಿಲ್ಲ. ಸರ್ಕಾರಿ ಕೋಷ್ಟಕದಲ್ಲಿ ಆ ಮರುಬಳಕೆ ಸೊನ್ನೆ. ನಂತರ ಯಾವುದೋ ಹೊಸ ಗುತ್ತಿಗೆ ಬಂದು ಅವರನ್ನು ಕಸದ ಹತ್ತಿರ ಬಿಡದಂತೆ ಮಾಡಿದರೆ, ಅದೇ ಬಾಟಲಿ ಈಗ ಅಧಿಕೃತ ಮರುಬಳಕೆಯಾಗಿ ಕಾಣಿಸುತ್ತದೆ. ಕಾಗದದಲ್ಲಿ ಏರಿಕೆ. ವಾಸ್ತವದಲ್ಲಿ ವಸ್ತು ಅಷ್ಟೇ, ದುಡಿದವರ ಅನ್ನ ಮಾತ್ರ ಹೋಯಿತು. ಇದು ನನ್ನನ್ನು ಬಹಳ ಕಾಡುವ ಅನ್ಯಾಯ.

ಆದ್ದರಿಂದ ಲೆಕ್ಕದ ಪುಸ್ತಕ ಅವರೇ, ಗುಜರಿ ಅಂಗಡಿಗಳಿಗೂ ಹೋಗಿ ಕೇಳಿ. ನಾವು ಖರೀದಿಯ ಲೆಕ್ಕ ಇಟ್ಟಿರುತ್ತೇವೆ. ತೆರಿಗೆಯವರಲ್ಲ ಎಂದು ಮೊದಲೇ ಹೇಳಿದರೆ ಹೆಚ್ಚಿನವರು ತೋರಿಸುತ್ತಾರೆ.

ನೇರ ಮಾತು
ವ್ಯಾಪಾರಿಗಳೇ, ನೀವು ಬೇಲ್ ಕಟ್ಟಿ ಕಳಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ನಿಮಗಾದರೂ ಗೊತ್ತೇ?

ಗುಜರಿ ವ್ಯಾಪಾರಿ
ಒಳ್ಳೆಯ ಮಾಲು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು, ಹಣ ಕೊಟ್ಟು ಕೊಂಡವನು ಅದನ್ನು ಎಸೆಯುವುದಿಲ್ಲ. ಕೆಟ್ಟ ಮಾಲಿನ ಬಗ್ಗೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಶ್ರೀಮಂತ ದೇಶಗಳು ವರ್ಷಗಟ್ಟಲೆ ಮಿಶ್ರ ಪ್ಲಾಸ್ಟಿಕ್ ಮತ್ತು ಕಾಗದವನ್ನು ಹಡಗು ಹತ್ತಿಸಿ ಮರುಬಳಕೆ ಎಂದು ಬರೆದುಕೊಂಡವು. 2018ರಲ್ಲಿ ಚೀನಾ ಬಾಗಿಲು ಮುಚ್ಚಿತು. ಹಲವು ಬಗೆಯ ಕಸದ ಆಮದು ನಿಷೇಧಿಸಿ, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಕಲ್ಮಷ ಶೇಕಡಾ 0.5 ಮೀರಬಾರದು ಎಂದಿತು. ಆಗ ಎಷ್ಟೋ ಕಡೆ ಬೇರ್ಪಡಿಸಿ ಇಟ್ಟ ವಸ್ತು ಹೂಳುವ ತಾಣಕ್ಕೂ ಸುಡುವ ಘಟಕಕ್ಕೂ ಹೋಯಿತು. 2021ರಿಂದ, ದೇಶದಿಂದ ದೇಶಕ್ಕೆ ಅಪಾಯಕಾರಿ ಕಸ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಮಿಶ್ರ ಪ್ಲಾಸ್ಟಿಕ್ ಕಳಿಸಲು ಪಡೆಯುವ ದೇಶದ ಪೂರ್ವಾನುಮತಿ ಬೇಕು.

ಸಂಖ್ಯಾಶಾಸ್ತ್ರ ಉಪನ್ಯಾಸಕಿ
ಜಾಗತಿಕ ಪ್ರಮಾಣ ಬೇಕಿದ್ದರೆ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ 2015ರವರೆಗೆ ಹುಟ್ಟಿದ ಒಟ್ಟು ಪ್ಲಾಸ್ಟಿಕ್ ಕಸವನ್ನು 630 ಕೋಟಿ ಟನ್ ಎಂದು ಅಂದಾಜಿಸಿತು. ಅದರಲ್ಲಿ ಮರುಬಳಕೆಯಾದದ್ದು ಸುಮಾರು ಶೇಕಡಾ 9, ಸುಟ್ಟದ್ದು 12. ಉಳಿದ 79 ಹೂಳುವ ತಾಣಗಳಲ್ಲಿ ಅಥವಾ ಹೊರಗೆ ಪರಿಸರದಲ್ಲಿ ಸೇರಿಕೊಂಡಿದೆ.

ರಸ್ತೆ ಇಂಜಿನಿಯರ್
ಪದರ ಪದರದ ಪೊಟ್ಟಣಗಳನ್ನು ಸಿಮೆಂಟ್ ಕುಲುಮೆಗೆ ಕಳಿಸುತ್ತಾರಲ್ಲ, ಅದನ್ನು ಮರುಬಳಕೆ ಎಂದು ಏಕೆ ಬರೆಯಬಾರದು? ಕಲ್ಲಿದ್ದಲು ಉಳಿಯುತ್ತದೆ. ಕುಲುಮೆಯೊಳಗೆ 1,450 ಡಿಗ್ರಿಯಷ್ಟು ಬಿಸಿ, ಬೂದಿಯೂ ಸಿಮೆಂಟಿನಲ್ಲೇ ಸೇರುತ್ತದೆ.

ವಿಂಗಡಣೆ ಮೇಜು
ಸುಟ್ಟದ್ದು ಸುಟ್ಟದ್ದೇ ಸರ್. ಬೇರೆ ಅಂಕಣದಲ್ಲಿ ಶಕ್ತಿಗಾಗಿ ಸುಟ್ಟದ್ದು ಎಂದು ಬರೆಯಿರಿ, ಅಡ್ಡಿಯಿಲ್ಲ. ಮರುಬಳಕೆಯ ಅಂಕಣಕ್ಕೆ ತಂದರೆ ಮುಂದೆ ವಿಂಗಡಿಸುವುದು ಏಕೆ, ಎಲ್ಲ ಸುಡೋಣ ಎನ್ನುತ್ತಾರೆ.

ಹಸಿ ಗೊಬ್ಬರ
ಮೇಡಂ ಮಾತಿಗೆ ನನ್ನ ಸಹಮತ. ಆ ಪೊಟ್ಟಣಕ್ಕೆ ಬೇರೆ ಗತಿ ಇಲ್ಲ ಎಂಬುದು ನಿಜ, ಅಂಟಿಕೊಂಡ ಪದರಗಳನ್ನು ಲಾಭದಲ್ಲಿ ಬಿಡಿಸಲಾಗದು. ಹಾಗೆಂದು ಅಂಕಣ ಬದಲಿಸಬಾರದು. ತೂಕದ ಗುರಿಗೆ ಇನ್ನೊಂದು ದೋಷವೂ ಇದೆ. ಪೊಟ್ಟಣದ ತೂಕ ಏನೂ ಇಲ್ಲ, ಚರಂಡಿ ಕಟ್ಟಿಕೊಳ್ಳುವುದು ಮಾತ್ರ ಅದರಿಂದಲೇ. ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ ಅದಿರಿನಿಂದ ಮಾಡುವುದಕ್ಕಿಂತ ಸುಮಾರು ಶೇಕಡಾ 95 ಶಕ್ತಿ ಉಳಿಯುತ್ತದೆ. ಗಾಜಿನಲ್ಲಿ ಉಳಿತಾಯ ಅದಕ್ಕಿಂತ ಬಹಳ ಕಡಿಮೆ. ಟನ್ ಲೆಕ್ಕದಲ್ಲಿ ಮಾತ್ರ ಗಾಜು ಭಾರ, ಆದ್ದರಿಂದ ಗುರಿ ಮುಟ್ಟಲು ಎಲ್ಲರೂ ಗಾಜಿನ ಹಿಂದೆ ಹೋಗುತ್ತಾರೆ.

ಮೂರನೇ ಮಹಡಿ
ಇಷ್ಟೆಲ್ಲ ಕೇಳಿದ ಮೇಲೆ ಎಲ್ಲಾದರೂ ಇದು ನಿಜವಾಗಿ ನಡೆಯುತ್ತಿದೆಯೇ ಎಂಬ ಸಂಶಯ ಬರುತ್ತಿದೆ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ
ನಡೆಯುತ್ತಿದೆ. ದಕ್ಷಿಣ ಕೊರಿಯಾ 1995ರಲ್ಲಿ ಕಸದ ಚೀಲಕ್ಕೆ ಗಾತ್ರದ ಮೇಲೆ ಶುಲ್ಕ ಹಾಕಿತು, 2005ರಲ್ಲಿ ಆಹಾರ ತ್ಯಾಜ್ಯವನ್ನು ನೇರವಾಗಿ ಹೂಳುವುದನ್ನು ನಿಷೇಧಿಸಿತು, 2013ರಿಂದ ಆಹಾರ ತ್ಯಾಜ್ಯಕ್ಕೂ ಪ್ರಮಾಣದ ಮೇಲೆ ಶುಲ್ಕ ತಂದಿತು. ಹಲವು ವಸತಿ ಸಮುಚ್ಚಯಗಳಲ್ಲಿ ಕಾರ್ಡ್ ತೋರಿಸಿದರೆ ತೊಟ್ಟಿಯ ಮುಚ್ಚಳ ತೆರೆಯುತ್ತದೆ, ಹಾಕಿದ್ದನ್ನು ಅದೇ ತೂಗುತ್ತದೆ. ಅಳತೆ ಮನೆಯ ಹಂತದಲ್ಲೇ ಆಗುವುದರಿಂದ ಛೇದದ ಊಹೆ ಬೇಕಿಲ್ಲ. ಜಪಾನಿನ ಕಮಿಕಾತ್ಸು ಎಂಬ ಪುಟ್ಟ ಊರು 2003ರಲ್ಲಿ ಶೂನ್ಯ ತ್ಯಾಜ್ಯದ ಘೋಷಣೆ ಮಾಡಿತು. ಅಲ್ಲಿ ನಲವತ್ತಕ್ಕೂ ಹೆಚ್ಚು ವಿಧವಾಗಿ ವಿಂಗಡಿಸಿ, ಜನರೇ ಕೇಂದ್ರಕ್ಕೆ ತಂದು ಹಾಕುತ್ತಾರೆ. ಸುಮಾರು ಶೇಕಡಾ 80 ಮರುಬಳಕೆಯಾಗುತ್ತದೆ.

ನೇರ ಮಾತು
ಒಂದೂವರೆ ಸಾವಿರ ಜನರ ಊರಿನ ಉದಾಹರಣೆಯನ್ನು ಲಕ್ಷಗಟ್ಟಲೆ ಜನರ ನಗರಕ್ಕೆ ಕೊಡಬೇಡಿ. ಎಲ್ಲರ ಮನೆಯಲ್ಲೂ ನಲವತ್ತು ಡಬ್ಬಿ ಇಡಲು ಜಾಗ ಎಲ್ಲಿದೆ? ಕೊರಿಯಾದ ಮಾತು ಒಪ್ಪುತ್ತೇನೆ. ಆದರೆ ಚೀಲಕ್ಕೆ ಶುಲ್ಕ ಹಾಕಿದರೆ ಕದ್ದು ಎಸೆಯುವವರು ಹೆಚ್ಚಾಗುತ್ತಾರೆ, ಅದಕ್ಕೆ ದಂಡ ವಿಧಿಸುವ ಬಲ ಇರಬೇಕು.

ಹಳೇ ಚಾಲಕ
ಬಲಕ್ಕಿಂತ ಮೊದಲು ವಾಹನ ಹೊತ್ತಿಗೆ ಬರಬೇಕು. ಬಾರದ ಸೇವೆಗೆ ಶುಲ್ಕ ಕೇಳಿದರೆ ಯಾರು ಕೊಡುತ್ತಾರೆ?

ವೇಬ್ರಿಡ್ಜ್ ಗುಮಾಸ್ತ
ನೇರ ಮಾತು ಅವರ ಮೊದಲ ಮಾತಿಗೆ ಹಿಂತಿರುಗುತ್ತೇನೆ, ಅದರಲ್ಲಿ ಹುರುಳಿದೆ. ತಾಣಕ್ಕೆ ಹೋದದ್ದನ್ನು ತೂಕದಿಂದ ಮಾತ್ರವಲ್ಲ, ಗಾತ್ರದಿಂದಲೂ ಅಳೆಯಬಹುದು. ವರ್ಷಕ್ಕೆರಡು ಬಾರಿ ಡ್ರೋನ್ ಅಥವಾ ಸರ್ವೆ ಉಪಕರಣದಿಂದ ರಾಶಿಯ ಮೇಲ್ಮೈ ಅಳೆದರೆ ಎಷ್ಟು ಘನ ಮೀಟರ್ ಏರಿತು ಎಂದು ತಿಳಿಯುತ್ತದೆ. ವೇಬ್ರಿಡ್ಜ್ ಪುಸ್ತಕಕ್ಕೂ ರಾಶಿಯ ಏರಿಕೆಗೂ ತಾಳೆ ಆಗಲೇಬೇಕು. ರಾಶಿ ಕುಗ್ಗುತ್ತದೆ, ಕೊಳೆತು ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಬಹಳ ಅಂತರ ಇದ್ದರೆ ಕಸ ಬೇರೆಲ್ಲೋ ಹೋಗುತ್ತಿದೆ ಅಥವಾ ಬರೀ ಕಾಗದದಲ್ಲಿ ಬರುತ್ತಿದೆ.

ರಾಶಿಯ ಎತ್ತರ ಮತ್ತು ಇಳಿಜಾರನ್ನು ಅಳೆಯಲು ಇನ್ನೂ ಗಂಭೀರ ಕಾರಣವಿದೆ. 2000ದಲ್ಲಿ ಫಿಲಿಪ್ಪೀನ್ಸ್‌ನ ಪಯಾತಾಸ್, 2005ರಲ್ಲಿ ಇಂಡೊನೇಷ್ಯಾದ ಲೆಯುವಿಗಜ, 2017ರಲ್ಲಿ ಇಥಿಯೋಪಿಯಾದ ಕೋಶೆ. ಮೂರು ಕಡೆಯೂ ಕಸದ ಗುಡ್ಡ ಕುಸಿಯಿತು, ಪ್ರತಿಯೊಂದರಲ್ಲೂ ನೂರಕ್ಕಿಂತ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಆ ಗುಡ್ಡದ ಬುಡದಲ್ಲೇ ಬದುಕುತ್ತಿದ್ದ ಬಡವರು. ಇಳಿಜಾರು ಎಷ್ಟು ಡಿಗ್ರಿ, ಒಳಗೆ ನೀರು ಎಷ್ಟು ನಿಂತಿದೆ ಎಂಬ ಎರಡು ಅಂಕಿಗಳನ್ನು ಯಾವ ಶ್ರೇಯಾಂಕ ಪಟ್ಟಿಯಲ್ಲೂ ನಾನು ನೋಡಿಲ್ಲ.

ವಿಂಗಡಣೆ ಮೇಜು
ಇದನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಇಡಿ.

ಲೆಕ್ಕದ ಪುಸ್ತಕ
ಇಡುತ್ತೇನೆ. ಇನ್ನು ಸ್ವಯಂಸೇವಕರ ಕೆಲಸದ ಬಗ್ಗೆ ಒಂದು ಪ್ರಶ್ನೆ. ಹಸಿ, ಒಣ ಸರಿಯಾಗಿ ಬೇರ್ಪಟ್ಟಿದೆಯೇ ಎಂದು ನಾವೇ ಪರೀಕ್ಷಿಸುವುದು ಹೇಗೆ? ಇಡೀ ವಾಹನದ ಕಸ ಬಿಚ್ಚಲು ನಮ್ಮಿಂದಾಗದು.

ಹಸಿ ಗೊಬ್ಬರ
ಬೇಕಿಲ್ಲ. ವಾಹನದ ಕಸವನ್ನು ಗಟ್ಟಿ ನೆಲದ ಮೇಲೆ ಸುರಿಸಿ, ಸಲಿಕೆಯಿಂದ ಚೆನ್ನಾಗಿ ಕಲಸಿ ವೃತ್ತಾಕಾರದ ರಾಶಿ ಮಾಡಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಟ್ಟು, ಉಳಿದೆರಡನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಭಾಗ ಮಾಡಿ. ಸುಮಾರು ನೂರು ಕಿಲೋ ಉಳಿಯುವವರೆಗೆ ಹೀಗೆ ಮಾಡಿ, ಅದನ್ನು ಮಾತ್ರ ಬಗೆವಾರು ತೂಗಿ. ಅಮೆರಿಕದ ಪರೀಕ್ಷಾ ಮಾನದಂಡದಲ್ಲೂ ಮಾದರಿಯ ತೂಕ 91ರಿಂದ 136 ಕಿಲೋ ಎಂದೇ ಇದೆ. ದಪ್ಪ ಕೈಗವಸು, ಮುಖಗವಸು, ಬೂಟು ಇಲ್ಲದೆ ಯಾರನ್ನೂ ಇಳಿಸಬೇಡಿ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ
ಯಾವ ವಾಹನ ಎಂಬುದನ್ನು ಚೀಟಿ ಎತ್ತಿ ಆರಿಸಿ. ಮೇಲ್ವಿಚಾರಕರು ತೋರಿಸಿದ ವಾಹನ ಬೇಡ. ವಾರದ ಎಲ್ಲ ದಿನಗಳೂ ಬರಲಿ, ರಜೆಯ ಮರುದಿನದ ಕಸ ಬೇರೆ ಥರ ಇರುತ್ತದೆ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿ.

ನೇರ ಮಾತು
ಮನೆಗಳಿಗೆ ಮೊದಲೇ ತಿಳಿಸಬೇಕೇ? ತಿಳಿಸಿದರೆ ಆ ವಾರ ಎಲ್ಲರೂ ಶಿಸ್ತಿನಿಂದ ಇರುತ್ತಾರೆ.

ವಿಂಗಡಣೆ ಮೇಜು
ವರ್ಷದಲ್ಲಿ ಯಾವಾಗಲಾದರೂ ಪರೀಕ್ಷೆ ನಡೆಯುತ್ತದೆ ಎಂದು ಎಲ್ಲರಿಗೂ ತಿಳಿಸಿ, ದಿನ ಹೇಳಬೇಡಿ. ಯಾವ ಮನೆಯ ಚೀಲ ಎಂದು ಗುರುತು ಹಾಕಬೇಡಿ. ಚೀಲದೊಳಗಿನ ಕಾಗದ, ಔಷಧಿ ಚೀಟಿಗಳಲ್ಲಿ ಜನರ ಖಾಸಗಿ ಬದುಕು ಇರುತ್ತದೆ, ಅದನ್ನು ಓದುವ ಹಕ್ಕು ನಮಗಿಲ್ಲ. ಬೀದಿವಾರು ಫಲಿತಾಂಶ ಸಾಕು.

ವೇಬ್ರಿಡ್ಜ್ ಗುಮಾಸ್ತ
ದಾಖಲೆ ಕೇಳುವಾಗ ತಿಂಗಳ ಮೊತ್ತ ಕೇಳಬೇಡಿ, ಪ್ರತಿ ವಾಹನದ ಚೀಟಿ ಕೇಳಿ: ವಾಹನ ಸಂಖ್ಯೆ, ಒಳಬಂದ ಹೊತ್ತು, ಹೊರಹೋದ ಹೊತ್ತು, ತುಂಬಿದ ತೂಕ, ಖಾಲಿ ತೂಕ. ಖಾಲಿ ತೂಕ ವರ್ಷವಿಡೀ ಒಂದೇ ಇದ್ದರೆ ಅಲ್ಲಿಂದ ಶುರು ಮಾಡಿ. ಒಂದೇ ವಾಹನ ಸಾಧ್ಯವೇ ಇಲ್ಲದಷ್ಟು ಬೇಗ ಎರಡನೇ ಸುತ್ತು ಮುಗಿಸಿದೆಯೇ ನೋಡಿ. ತೂಕದ ಸೇತುವೆಗೆ ಮುದ್ರೆ ಒತ್ತಿದ ಪ್ರಮಾಣಪತ್ರದ ತಾರೀಕನ್ನೂ ಬರೆದುಕೊಳ್ಳಿ. ಅವಧಿ ಮುಗಿದಿದ್ದರೆ ಆ ದಿನದಿಂದ ಈಚಿನ ಅಂಕಿಗಳನ್ನೆಲ್ಲ ಬೇರೆ ಬಣ್ಣದಲ್ಲಿ ಅಚ್ಚು ಮಾಡಿ.

ಲೆಕ್ಕದ ಪುಸ್ತಕ
ಚೀಟಿಗಳಿಗಾಗಿ ನಾಳೆಯೇ ಅರ್ಜಿ ಬರೆಯುತ್ತೇನೆ. ಗುಜರಿ ವ್ಯಾಪಾರಿ ಅವರೇ, ನಿಮ್ಮ ಖರೀದಿ ಪುಸ್ತಕದಲ್ಲಿ ಇರುವ ಅಂಕಣಗಳ ಹೆಸರುಗಳನ್ನು ಇಲ್ಲಿ ಹಾಕುತ್ತೀರಾ? ಇತರ ಅಂಗಡಿಗಳಲ್ಲೂ ಅದೇ ಕ್ರಮದಲ್ಲಿ ಕೇಳುತ್ತೇವೆ.

ಗುಜರಿ ವ್ಯಾಪಾರಿ
ರಟ್ಟು, ಬಿಳಿ ಕಾಗದ, ಪತ್ರಿಕೆ, ನೀರಿನ ಬಾಟಲಿ, ಗಟ್ಟಿ ಪ್ಲಾಸ್ಟಿಕ್, ಹಾಲಿನ ಕವರ್, ಕಬ್ಬಿಣ, ತಗಡು, ಅಲ್ಯೂಮಿನಿಯಂ, ತಾಮ್ರ, ಗಾಜು. ಕೊನೆಯಲ್ಲಿ ಕೊಳ್ಳದೆ ವಾಪಸು ಕಳಿಸಿದ್ದು ಎಂಬ ಅಂಕಣವೊಂದನ್ನು ನೀವೇ ಸೇರಿಸಿಕೊಳ್ಳಿ. ಅದನ್ನು ನಮ್ಮಲ್ಲಿ ಯಾರೂ ಬರೆಯುವುದಿಲ್ಲ, ಕೇಳಿದರೆ ಬಾಯಲ್ಲಿ ಹೇಳುತ್ತಾರೆ.